ಸೀನಿನ ಮಾತ್ರೆ

ತನಿಯಪ್ಪ ಭಾಂಗ್ ನುಂಗುತ್ತಿದ್ದಾನೆ ಎಂಬ ಸಂಶಯ ನನಗೆ ಮೊದಲು ಬಂದದ್ದು ಸಾಂಬಾರಿನ ಉಪ್ಪಿನಿಂದ. ಹೋಳಿ ಕಳೆದು ಐದು ದಿನವಾಗಿತ್ತು. ಬೆಳಿಗ್ಗೆ ಬಂದ ಮೊದಲ ಗಿರಾಕಿಯೇ ಒಂದು ಚಮಚ ಬಾಯಿಗಿಟ್ಟು, ಮುಖ ಹಿಂಡಿ, ಬಟ್ಟಲನ್ನು ನನ್ನ ಕೌಂಟರಿನ ಮೇಲೆ ತಂದಿಟ್ಟ. ನಾನು ಬೆರಳದ್ದಿ ನೋಡಿದೆ. ಉಪ್ಪೋ ಉಪ್ಪು. ಇಪ್ಪತ್ತಾರು ವರ್ಷ ಅಳತೆ ನೋಡದೆ ಉಪ್ಪು ಹಾಕಿದ ಕೈ ಅದು, ಒಂದು ದಿನವೂ ತಪ್ಪಿರಲಿಲ್ಲ.

ಕರೋಲ್ ಬಾಗಿನ ಗಲ್ಲಿಯೊಂದರಲ್ಲಿ ನಮ್ಮದು ಹದಿನಾಲ್ಕು ಮೇಜಿನ ಹೋಟೆಲು. ಕ್ಯಾಶಿನಲ್ಲಿ ಕೂರುವವಳು ನಾನು, ಚಂಪಾ. ದೋಸೆ ಕಾವಲಿಯ ಮುಂದೆ ನಿಲ್ಲುವವನು ತನಿಯಪ್ಪ. ನಾನು ಮದುವೆಯಾಗಿ ಈ ದೆಹಲಿಗೆ ಬಂದ ವರ್ಷವೇ ಅವನೂ ಕಾರ್ಕಳದ ಕಡೆಯಿಂದ ಒಂದು ಟ್ರಂಕು ಹಿಡಿದು ಬಂದ. ನಾನು ಹಿಂದಿ ಕಲಿಯುವಷ್ಟರಲ್ಲಿ ಅವನು ಚೋಲೆ ಭಟೂರೆಯನ್ನೂ ಕಲಿತಿದ್ದ. ಹೋಟೆಲಿನ ಮೇಲಿನ ಕೋಣೆಯಲ್ಲೇ ಅವನ ವಾಸ. ಬೀಡಿ ಇಲ್ಲ, ಕುಡಿತ ಇಲ್ಲ, ವರ್ಷಕ್ಕೊಮ್ಮೆ ಊರಿಗೆ ಹೋಗಿ ಹೆಂಡತಿ ಮಕ್ಕಳನ್ನು ನೋಡಿ ಬರುವುದು ಬಿಟ್ಟರೆ ಬೇರೆ ಚಟವೇ ಇಲ್ಲ. ಅಂಥವನ ಮೇಲೆ ಸಂಶಯ ಪಡಬಹುದೇ ಎಂದು ನೀವು ಕೇಳಬಹುದು. ನಾನು ಪಡುತ್ತೇನೆ. ಸಂಶಯ ನನ್ನ ಹುಟ್ಟುಗುಣ. ಹಾಲಿನವನ ಹಾಲಿಗೆ ಬೆರಳದ್ದದೆ ಒಳಗೆ ಬಿಟ್ಟವಳಲ್ಲ ನಾನು.

ಅದೂ ಅಲ್ಲದೆ ನಮ್ಮ ಯಜಮಾನರು ಊರಿನ ದೈವಸ್ಥಾನದ ಕೆಲಸಕ್ಕೆಂದು ಹೋಗಿ ಹದಿನೈದು ದಿನವಾಗಿತ್ತು. ಹೋಟೆಲಿನ ಪೂರ್ತಿ ಭಾರ ನನ್ನ ತಲೆಯ ಮೇಲೆ. ಏನು ಹೆಚ್ಚುಕಮ್ಮಿಯಾದರೂ ನಾಳೆ ಬಂದು "ನೀನು ನೋಡಿಕೊಂಡದ್ದು ಇಷ್ಟೇಯಾ?" ಎನ್ನುವುದು ನನಗೇ.

ಮಾತ್ರೆಯ ವಿಷಯ ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮಾರ್ಚ್ ಬಂತೆಂದರೆ ದೆಹಲಿಯ ಮರಗಳೆಲ್ಲ ಒಟ್ಟಾಗಿ ಮನುಷ್ಯರ ಮೂಗಿನ ಮೇಲೆ ದಂಡೆತ್ತಿ ಬರುತ್ತವೆ. ಗಾಳಿಯಲ್ಲಿ ಹೂವಿನ ಪುಡಿ, ಧೂಳು, ಇನ್ನೂ ಏನೇನೋ. ನಮ್ಮ ದೋಸೆ ಕಾವಲಿ ಇರುವುದು ರಸ್ತೆಗೆ ಕಾಣುವಂತೆ ಗಾಜಿನ ಹಿಂದೆ. ಹೋದ ವರ್ಷ ತನಿಯಪ್ಪ ಹಿಟ್ಟು ಹುಯ್ಯುವಾಗ ಸರಿಯಾಗಿ ಸೀನಿದ. ಯಾವನೋ ಪುಣ್ಯಾತ್ಮ ಅದನ್ನು ವಿಡಿಯೊ ಮಾಡಿ ನೆಟ್ಟಿಗೆ ಹಾಕಿದ. ತಿಂಗಳಿಡೀ ಹೋಟೆಲು ಭಣಭಣ.

ಹಾಗಾಗಿ ಈ ವರ್ಷ ನಾನು ಒಂದು ಕ್ರಮ ಮಾಡಿದೆ. ಗಲ್ಲಿಯ ತುದಿಯ ಔಷಧಿ ಅಂಗಡಿಗೆ ಹೋಗಿ ಸೀನು ನಿಲ್ಲುವ ಮಾತ್ರೆ ಕೇಳಿ ತಂದೆ. ಬೆಳಿಗ್ಗೆ ದೇವರ ಫೋಟೊಕ್ಕೆ ಊದುಬತ್ತಿ ಹಚ್ಚಿದ ಮೇಲೆ ಎಲ್ಲರಿಗೂ ಒಂದು ಲೋಟ ಕಷಾಯ, ಅದರ ಜೊತೆ ಒಂದೊಂದು ಮಾತ್ರೆ. ಸೀನು ಇದ್ದವನಿಗೂ ಒಂದು, ಇಲ್ಲದವನಿಗೂ ಒಂದು. ನನ್ನ ಎದುರಿಗೇ ನುಂಗಬೇಕು. ತೀರ್ಥ ತೆಗೆದುಕೊಂಡ ಹಾಗೆ ಬಲಗೈ ಚಾಚಿ ಎಲ್ಲರೂ ನುಂಗುತ್ತಿದ್ದರು. ಅಂಗಡಿಯವನು ಕೊಡುವಾಗ ಒಂದು ಮಾತು ಹೇಳಿದ್ದ. "ನೀಂದ್ ಆಯೇಗಿ ಆಂಟೀಜಿ, ನಿದ್ದೆ ಬರುತ್ತದೆ, ಇದು ತೆಗೊಂಡು ಯಾರೂ ಗಾಡಿ ಓಡಿಸಬಾರದು." ನಮ್ಮಲ್ಲಿ ಗಾಡಿ ಓಡಿಸುವವರು ಯಾರಿದ್ದಾರೆ ಎಂದುಕೊಂಡು ಬಂದೆ.

ಮೊದಲ ದಿನ ನಾನೂ ಒಂದು ನುಂಗಿದ್ದೆ, ಮನೆಯಲ್ಲೇ, ಹೇಗಿದೆ ನೋಡೋಣ ಎಂದು. ನಮ್ಮ ಮನೆ ಘಾಜಿಯಾಬಾದಿನ ಕಡೆ, ವೈಶಾಲಿಯಲ್ಲಿ. ಮೆಟ್ರೊ ಹತ್ತಿ ಸೀಟು ಸಿಕ್ಕಿತಲ್ಲ ಎಂದು ಕೂತದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಕರೋಲ್ ಬಾಗ್ ಎಂದೋ ದಾಟಿ ದ್ವಾರಕಾ ಬಂದಿತ್ತು. ಅಂದಿನಿಂದ ನಾನು ಮುಟ್ಟಲಿಲ್ಲ. ಕ್ಯಾಶಿನಲ್ಲಿ ಕೂತವಳು ಸೀನಿದರೆ ಯಾರು ವಿಡಿಯೊ ಮಾಡುತ್ತಾರೆ?

ಇರಲಿ. ಉಪ್ಪು ಹೆಚ್ಚಾದ ದಿನದಿಂದ ತನಿಯಪ್ಪನ ಮೇಲೆ ಕಣ್ಣಿಟ್ಟೆ. ಕಣ್ಣಿಟ್ಟರೆ ಕಾಣುವುದಕ್ಕೇನು ಬರ. ದೋಸೆ ಮಗುಚುವುದು ಮರೆತು ಕಾವಲಿಯನ್ನೇ ನೋಡುತ್ತ ನಿಲ್ಲುತ್ತಿದ್ದ. ಎರಡು ಮಸಾಲೆಗೆ ಮೂರು ಸಲ "ಎಷ್ಟು?" ಎಂದು ಕೇಳುತ್ತಿದ್ದ. ಗಳಿಗೆಗೊಮ್ಮೆ ಚೊಂಬೆತ್ತಿ ನೀರು ಕುಡಿಯುತ್ತಿದ್ದ, ಬಾಯಿಗೆ ಬೆಲ್ಲದ ಚೂರು ಹಾಕಿಕೊಳ್ಳುತ್ತಿದ್ದ. ಭಾಂಗ್ ಹಾಕಿದವರಿಗೆ ಬಾಯಿ ಒಣಗುತ್ತದೆ, ಸಿಹಿ ಬೇಕೆನಿಸುತ್ತದೆ ಎಂದು ಈ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಹೋಳಿಗೆ ಪಕ್ಕದ ಅಂಗಡಿಯ ಭಯ್ಯಾ ಎಲ್ಲರಿಗೂ ಭಾಂಗ್ ಬೆರೆಸಿದ ಹಾಲಿನ ಠಂಡಾಯಿ ಹಂಚಿದ್ದೂ ನನಗೆ ನೆನಪಿತ್ತು. ಇನ್ನೊಂದು ವಿಷಯ, ಎಷ್ಟು ಸೆಕೆಯಾದರೂ ಅವನು ತಿಂಗಳಿಂದ ತುಂಬುತೋಳಿನ ಅಂಗಿಯಲ್ಲೇ ಇದ್ದ. ಮೊದಲೆಲ್ಲ ಬನಿಯನ್ನಿನಲ್ಲಿ ನಿಲ್ಲುತ್ತಿದ್ದ ಮನುಷ್ಯ.

"ಎಂತ ಮಾರಾಯ, ನಿದ್ದೆ ಇಲ್ವಾ ನಿನಗೆ?" ಎಂದು ಕೇಳಿದೆ.

"ಉಂಟಲ್ಲ ಅಕ್ಕ. ಚೆನ್ನಾಗಿಯೇ ಮಲಗ್ತೇನೆ," ಎಂದ. ಮಾತು ಕೂಡ ಒಣ ಬಾಯಿಯಿಂದ ಎಳೆದೆಳೆದು ಬಂತು.

ಗುರುವಾರ ಹನ್ನೊಂದು ಗಂಟೆಗೆ ಸಿಕ್ಕಿಬಿದ್ದ. ಸಿಲಿಂಡರುಗಳ ಹಿಂದೆ ಗೋಡೆಗೆ ಮುಖ ಮಾಡಿ ನಿಂತು ಅಂಗಿಯ ಕಿಸೆಯಿಂದ ಏನೋ ತೆಗೆದು ಬಾಯಿಗೆ ಹಾಕಿ ನೀರು ಕುಡಿದ. ತಿರುಗಿದರೆ ನಾನು.

"ಏನು ನುಂಗಿದ್ದು?"

"ಏನಿಲ್ಲ ಅಕ್ಕ."

"ನಾನು ನೋಡಿದೆ."

"ಬೆಲ್ಲ ಅಕ್ಕ," ಎಂದ. ಅವನ ಕೈ ಕಿಸೆಯನ್ನು ಮುಚ್ಚಿಕೊಂಡಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಬೆಲ್ಲವನ್ನು ಯಾರಾದರೂ ನೀರು ಹಾಕಿ ನುಂಗುತ್ತಾರೆಯೇ? ಇಪ್ಪತ್ತಾರು ವರ್ಷದಲ್ಲಿ ಅವನು ನನಗೆ ಹೇಳಿದ ಮೊದಲ ಸುಳ್ಳು ಅದು.

ಯಜಮಾನರಿಗೆ ಫೋನು ಮಾಡಿದೆ. "ತನಿಯಪ್ಪನಾ? ನಿನಗೆ ತಲೆ ಸರಿ ಇಲ್ಲ," ಎಂದು ಇಟ್ಟರು. ಗಂಡಸರು ಯಾವತ್ತೂ ಹಾಗೆಯೇ. ಅಡುಗೆಮನೆಗೆ ಬೆಂಕಿ ಬಿದ್ದ ಮೇಲೆ ನೀರು ಎಲ್ಲಿದೆ ಎಂದು ಕೇಳುವ ಜನ. ಅಮಲಿನಲ್ಲಿರುವವನನ್ನು ಬೆಂಕಿಯ ಮುಂದೆ ನಿಲ್ಲಿಸಿ ನಾಳೆ ಏನಾದರೂ ಆದರೆ ಉತ್ತರ ಹೇಳುವವಳು ನಾನಲ್ಲವೇ? ಮಗಳು ನಿರೀಕ್ಷಾಳಿಗೆ ಹೇಳಿ ಸೋಮವಾರದ ರೈಲಿಗೆ ಅವನ ಹೆಸರಲ್ಲಿ ಟಿಕೆಟ್ ಮಾಡಿಸಿದೆ.

"ಮಮ್ಮಿ, ಏಕ್ ಬಾರ್ ಪೂಛ್ ತೋ ಲೋ," ಎಂದಳು ಅವಳು. ಹುಟ್ಟಿದ್ದು ಬೆಳೆದದ್ದು ಇಲ್ಲೇ, ಕನ್ನಡ ತಿಳಿಯುತ್ತದೆ, ನಾಲಿಗೆಗೆ ಬರುವುದು ಕಡಿಮೆ. "ತನಿಯಣ್ಣ ಹಾಗೆ ಅಲ್ಲ."

"ಕೇಳಿ ಆಯಿತು. ಸುಳ್ಳು ಹೇಳಿ ಆಯಿತು. ನೀನು ಟಿಕೆಟ್ ಮಾಡು."

ಶುಕ್ರವಾರ ಎಲ್ಲರೆದುರಿಗೇ ಹೇಳಿದೆ. "ತನಿಯಪ್ಪ, ನನಗೆ ಎಲ್ಲ ಗೊತ್ತಾಗಿದೆ. ಸೋಮವಾರ ಊರಿಗೆ ಹೊರಡು. ತಿರುಗಿ ಬರುವುದು ಬೇಡ." ಕೂಗಾಡುತ್ತಾನೆ, ದೇವರ ಮೇಲೆ ಆಣೆ ಇಡುತ್ತಾನೆ ಎಂದುಕೊಂಡಿದ್ದೆ. ಅವನು ತಲೆ ತಗ್ಗಿಸಿ ನಿಂತ.

"ಆಗಲಿ ಅಕ್ಕ," ಎಂದ. "ಭಾನುವಾರದ ರಶ್ ಮುಗಿಸಿಕೊಟ್ಟು ಹೋಗ್ತೇನೆ. ಬೇರೆ ಯಾರಿಗೂ ಕಾವಲಿ ಅಭ್ಯಾಸ ಇಲ್ಲ."

ತಪ್ಪು ಒಪ್ಪಿಕೊಂಡ ಎಂದೇ ನಾನು ತಿಳಿದೆ. ಅಮಲಿನವನನ್ನು ಬೆಂಕಿಯ ಮುಂದೆ ನಿಲ್ಲಿಸಬಾರದು ಎಂದು ಟಿಕೆಟ್ ಮಾಡಿಸಿದವಳು, ಭಾನುವಾರದ ವ್ಯಾಪಾರದ ಮಾತು ಬಂದ ಕೂಡಲೇ ಇನ್ನೆರಡು ದಿನ ಅವನನ್ನು ಅಲ್ಲೇ ನಿಲ್ಲಿಸಲು ಒಪ್ಪಿದೆ. ಇದನ್ನು ಈಗ ಹೇಳಲು ನಾಚಿಕೆಯಾಗುತ್ತದೆ. ಆವತ್ತು ಆಗಲಿಲ್ಲ.

ಭಾನುವಾರ ಹೊಸ್ತಿಲ ತನಕ ಜನ. ಬೆಳಿಗ್ಗೆ ಎಂದಿನಂತೆ ಕಷಾಯ, ಮಾತ್ರೆ. ತೆಗೆದುಹಾಕಿದವನಾದರೂ ಕಾವಲಿಯ ಮುಂದೆ ಸೀನುವುದು ಬೇಡವಲ್ಲ, ಅವನಿಗೂ ಕೊಟ್ಟೆ. ಅವನೂ ಕೈ ಚಾಚಿ ನುಂಗಿದ. ಹನ್ನೊಂದರ ಹೊತ್ತಿಗೆ ಮತ್ತೆ ಸಿಲಿಂಡರಿನ ಹಿಂದೆ ಹೋಗಿ ಬಂದ. ನಾನು ನೋಡಿಯೂ ಸುಮ್ಮನಾದೆ, ಇನ್ನೊಂದೇ ದಿನ ಎಂದು.

ಹನ್ನೆರಡೂವರೆಗೆ ಆಯಿತು. ಕಾವಲಿಗೆ ನೀರು ಚಿಮುಕಿಸಿ ಗುಡಿಸುತ್ತಿದ್ದವನ ತಲೆ ನಿಧಾನವಾಗಿ ಎದೆಗೆ ಬಂತು, ಮೊಣಕಾಲು ಕುಸಿಯಿತು. ಬೀಳುವವನು ಏನಾದರೂ ಹಿಡಿಯಬೇಕಲ್ಲ, ಎಡಗೈ ಹೋಗಿ ಕಾವಲಿಯ ಮೇಲೆ ಅಂಗೈ ಊರಿತು. ಚುಯ್ ಎಂದ ಸದ್ದು ಕ್ಯಾಶಿನ ತನಕ ಕೇಳಿತು. ಅವನು ಕಿರುಚಲೂ ಇಲ್ಲ. ಕೈ ಕಿತ್ತುಕೊಂಡು ನೆಲದ ಮೇಲೆ ಕೂತು ಕೈಯನ್ನೇ ನೋಡುತ್ತಿದ್ದ, ಬೇರೆಯವರ ಕೈ ನೋಡುವ ಹಾಗೆ.

ಓಡಿಹೋದ ನನ್ನ ಬಾಯಿಂದ ಬಂದ ಮೊದಲ ಮಾತು ಯಾವುದು ಗೊತ್ತೇ? "ನುಂಗು, ಇನ್ನೂ ಭಾಂಗ್ ನುಂಗು." ಅಷ್ಟು ಜನರ ಎದುರಿಗೆ.

ತನಿಯಪ್ಪ ತಲೆಯೆತ್ತಿ ನೋಡಿದ. "ಭಾಂಗಾ?" ಎಂದ. ನಿಜವಾಗಿಯೂ ಆಶ್ಚರ್ಯಪಟ್ಟವನ ಮುಖ. ನನ್ನ ಸಿಟ್ಟು ಅಲ್ಲೇ ಒಂದು ಗಳಿಗೆ ತಡವರಿಸಿತು.

ರಜೆಯೆಂದು ಅವತ್ತು ನನ್ನ ಜೊತೆ ಬಂದಿದ್ದ ನಿರೀಕ್ಷಾ ಅವನನ್ನು ಎಬ್ಬಿಸಿ ನಲ್ಲಿಯ ಕೆಳಗೆ ಕೈ ಹಿಡಿಸಿದಳು. ಬಟ್ಟೆ ಒದ್ದೆಯಾಗದಿರಲಿ ಎಂದು ಅಂಗಿಯ ತೋಳು ಮಡಚಿದಳು. ಮಣಿಕಟ್ಟಿನಿಂದ ಮೊಣಕೈಯವರೆಗೆ ಕೆಂಪು ಕೆಂಪು ದದ್ದು, ಕೆರೆದು ಕೆರೆದು ಒಡೆದ ಚರ್ಮ. ಕಿಸೆಯಿಂದ ಅವಳು ತೆಗೆದದ್ದು ಭಾಂಗಿನ ಗುಳಿಗೆಯಲ್ಲ, ಕತ್ತರಿಸಿದ ಮಾತ್ರೆಯ ಪಟ್ಟಿ.

"ಮಮ್ಮಿ, ಯೇ ತೋ ದವಾಯಿ ಹೈ," ಎಂದಳು. "ಅಲರ್ಜಿದು ಔಷಧಿ."

ಗಲ್ಲಿಯಲ್ಲೇ ಕ್ಲಿನಿಕ್ ಇರುವ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆವು. ಅವರು ಕೈಗೆ ಮುಲಾಮು ಹಚ್ಚಿ ಕಟ್ಟು ಕಟ್ಟುತ್ತ, ಒಂದೊಂದೇ ಪ್ರಶ್ನೆ ಹಿಂದಿಯಲ್ಲಿ ಕೇಳಿದರು. ಈ ಮಾತ್ರೆ ಯಾರು ಕೊಟ್ಟರು? ಸರ್ಕಾರಿ ಡಿಸ್ಪೆನ್ಸರಿಯಲ್ಲಿ, ತುರಿಕೆಗೆ. ದಿನಕ್ಕೆಷ್ಟು? ರಾತ್ರಿ ಮಲಗುವಾಗ ಒಂದು ಎಂದಿದ್ದರು. ಕಾವಲಿಯ ಬಿಸಿಗೆ ತುರಿಕೆ ತಡೆಯಲಾಗದೆ ಹಗಲಿಗೂ ಒಂದು ತಾನೇ ಸೇರಿಸಿಕೊಂಡೆ ಎಂದ.

"ಇದು ಬಿಟ್ಟು ಬೇರೆ ಏನಾದರೂ?"

ತನಿಯಪ್ಪ ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಏನೋ ನೆನಪಾದವನಂತೆ ನನ್ನ ಕಡೆ ನೋಡಿದ. ನನ್ನ ಪರ್ಸಿನಲ್ಲಿ ಬೆಳಗ್ಗಿನ ಪಟ್ಟಿ ಇತ್ತು. ಅದನ್ನು ತೆಗೆಯಲು ನನ್ನ ಕೈಗೆ ಎಷ್ಟು ಹೊತ್ತು ಹಿಡಿಯಿತೋ. ಡಾಕ್ಟರಮ್ಮನ ಮೇಜಿನ ಮೇಲಿಟ್ಟು, "ಬೆಳಿಗ್ಗೆ ಇದೊಂದು ನಾನು ಕೊಡುತ್ತೇನೆ," ಎಂದೆ.

ಅವರು ಎರಡು ಪಟ್ಟಿಗಳನ್ನೂ ಪಕ್ಕಪಕ್ಕ ಇಟ್ಟರು. ಬೇರೆ ಬೇರೆ ಹೆಸರು, ಬೇರೆ ಬೇರೆ ಬಣ್ಣ. "ಎರಡೂ ಒಂದೇ ಜಾತಿಯ ಔಷಧಿ," ಎಂದರು. "ಸೀನಿಗೆ ಕೊಟ್ಟರೂ ಅದೇ, ತುರಿಕೆಗೆ ಕೊಟ್ಟರೂ ಅದೇ. ಹಳೆಯ ಥರದವು, ಎರಡಕ್ಕೂ ನಿದ್ದೆ ಬರುತ್ತದೆ, ಬಾಯಿ ಒಣಗುತ್ತದೆ, ತಲೆ ಮಂದವಾಗುತ್ತದೆ. ಇವರು ದಿನಕ್ಕೆ ಮೂರು ನುಂಗಿ ಬೆಂಕಿಯ ಮುಂದೆ ನಿಲ್ಲುತ್ತಿದ್ದರು. ಅಂಗಡಿಯವನು ನಿಮಗೆ ಏನೂ ಹೇಳಲಿಲ್ಲವಾ?"

"ಗಾಡಿ ಓಡಿಸಬಾರದು ಎಂದಿದ್ದ," ಎಂದೆ.

ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು. ಗಾಡಿ ಎಂದರೆ ಗಾಡಿಯೊಂದೇ ಅಲ್ಲ, ಬೆಂಕಿ, ಎಣ್ಣೆ, ಮೆಷಿನ್ನು, ಏಣಿ ಎಲ್ಲವೂ. ಕಾಯಿಲೆ ಇಲ್ಲದವರಿಗೆ ಔಷಧಿ ಹಂಚಬಾರದು. ಕಣ್ಣಿನ ಒತ್ತಡ ಇದ್ದವರಿಗೆ, ಮೂತ್ರ ಕಟ್ಟುವ ತೊಂದರೆ ಇದ್ದವರಿಗೆ ಇಂಥವು ಕೆಡುಕು ಮಾಡಬಹುದು. ಒಬ್ಬ ಡಾಕ್ಟರ ಹತ್ತಿರ ಹೋಗುವಾಗ ಇನ್ನೆಲ್ಲಿಂದಲೋ ತೆಗೆದುಕೊಳ್ಳುವ ಮಾತ್ರೆಯನ್ನೂ ತೋರಿಸಬೇಕು. ತನಿಯಪ್ಪನ ಎರಡು ಪಟ್ಟಿಯನ್ನೂ ನಿಲ್ಲಿಸಿ, ಅಷ್ಟು ನಿದ್ದೆ ತರದ ಬೇರೆ ಮಾತ್ರೆ ದಿನಕ್ಕೆ ಒಂದೇ ಒಂದು ಬರೆದರು. ಅದಕ್ಕೂ ಮಂಪರು ಬಂದರೆ ಕೆಲಸಕ್ಕೆ ನಿಲ್ಲದೆ ತನಗೆ ಬಂದು ಹೇಳಬೇಕೆಂದರು. ಕೈಗೆ ಸಾಬೂನು ನೀರು, ಹುಳಿ ಹಿಟ್ಟು ತಾಗದಂತೆ ನೋಡಿಕೊಳ್ಳಿ, ದದ್ದು ಅದರಿಂದಲೇ ಬಂದಿರಬಹುದು ಎಂದರು.

"ಡಿಸ್ಪೆನ್ಸರಿಯಲ್ಲಿ ಕೇಳಲಿಲ್ಲವಾ, ಬೇರೆ ಏನು ತೆಗೆದುಕೊಳ್ಳುತ್ತೀ ಅಂತ?" ಎಂದರು ಅವನಿಗೆ.

"ಕೇಳಿದ್ದರು," ಎಂದ ತನಿಯಪ್ಪ ಹಿಂದಿಯಲ್ಲೇ. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ, "ಅದು ಔಷಧಿ ಅಂತ ನನಗೆ ಹೊಳೀಲೇ ಇಲ್ಲ. ನೀವು ಕೊಡುವುದಲ್ವಾ ಅಕ್ಕ."

ಹೊರಗೆ ಬೆಂಚಿನ ಮೇಲೆ ಕೂತೆವು. ನಿರೀಕ್ಷಾ ಔಷಧಿ ತರಲು ಹೋಗಿದ್ದಳು. ನನಗೆ ಕಣ್ಣಲ್ಲಿ ನೀರು ಬರುವ ಹಾಗಾಗಿತ್ತು, ಆದರೆ ಸಿಟ್ಟೂ ಇತ್ತು, ನನ್ನದು ಅಷ್ಟು ಸುಲಭಕ್ಕೆ ಇಳಿಯುವ ಸಿಟ್ಟಲ್ಲ. "ತುರಿಕೆ ಉಂಟು ಅಂತ ನನಗೆ ಹೇಳಲಿಕ್ಕೆ ಏನಾಗಿತ್ತು ನಿನಗೆ? ಬೆಲ್ಲ ಅಂತ ಯಾಕೆ ಸುಳ್ಳು ಹೇಳಿದ್ದು?"

"ಧನುಷನಿಗೆ ಏನು ಮಾಡಿದ್ರಿ ಅಕ್ಕ?"

ಧನುಷ್ ನಮ್ಮಲ್ಲಿ ಸಪ್ಲೈ ಮಾಡುತ್ತಿದ್ದವನು. ಎರಡು ವರ್ಷದ ಹಿಂದೆ ಅವನ ಬೆರಳ ಸಂದಿಯಲ್ಲಿ ಗುಳ್ಳೆ ಎದ್ದಿತ್ತು. ಅಂಟುರೋಗವಿರಬಹುದು ಎಂದು ಡಾಕ್ಟರಿಗೂ ತೋರಿಸದೆ, ಮಧ್ಯಾಹ್ನದ ಊಟವನ್ನೂ ಹಾಕದೆ ಅವತ್ತೇ ಕಳಿಸಿದ್ದೆ. ತನಿಯಪ್ಪ ಅದನ್ನು ಕಾವಲಿಯ ಹಿಂದೆ ನಿಂತು ನೋಡಿದ್ದ.

"ಶುಕ್ರವಾರ ಎಲ್ಲ ಗೊತ್ತಾಗಿದೆ ಅಂದ್ರಲ್ಲ," ಎಂದ. "ಕೈ ವಿಷಯ ಗೊತ್ತಾಯಿತು ಅಂದುಕೊಂಡೆ. ಧನುಷನ ಹಾಗೆ ನನ್ನದೂ ಮುಗಿಯಿತು ಅಂತ. ಮಗಳಿಗೆ ಬರುವ ವರ್ಷ ಕಾಲೇಜು. ಈ ವಯಸ್ಸಿಗೆ ಊರಲ್ಲಿ ನನ್ನನ್ನು ಯಾರು ಇಟ್ಟುಕೊಳ್ಳುತ್ತಾರೆ?"

ಇಷ್ಟಕ್ಕೂ ಹೆದರಿಸಿ ಬಾಯಿ ಮುಚ್ಚಿಸಿದವಳು ನಾನು, ಮುಚ್ಚಿದ ಬಾಯಿಗೆ ದಿನಾ ಮಾತ್ರೆ ಹಾಕಿದವಳು ನಾನು, ಕೊನೆಗೆ ಅಮಲು ಎಂದು ದೂರಿದವಳೂ ನಾನು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ, ಇಲ್ಲಿ ಮಾಡಿದವಳು ನಾನು, ಉಂಡವನು ಅವನು.

"ಟಿಕೆಟ್ ಕ್ಯಾನ್ಸಲ್ ಮಾಡಿಸ್ತೇನೆ," ಎಂದೆ. "ಕೈ ಗುಣವಾಗುವವರೆಗೆ ನೀನು ಕಾವಲಿಯ ಹತ್ತಿರ ಬರಬೇಡ. ಸಂಬಳ ನಿಲ್ಲುವುದಿಲ್ಲ. ಗುಣವಾದ ಮೇಲೆ ನಿನ್ನ ಜಾಗ ನಿನ್ನದೇ."

ಅವನು ಕಟ್ಟು ಕಟ್ಟಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡ. ಆಮೇಲೆ ಕೇಳಿದ, "ಅಕ್ಕ, ಬೆಳಿಗ್ಗೆ ಎಲ್ಲರಿಗೂ ಕೊಡ್ತೀರಿ. ನಿಮಗೂ ಸೀನು ಬರ್ತದೆ, ನಾನು ನೋಡಿದ್ದೇನೆ. ನೀವು ಯಾಕೆ ತೆಗೆದುಕೊಳ್ಳುತ್ತಿರಲಿಲ್ಲ?"

ಸುಳ್ಳು ಹೇಳಬಹುದಿತ್ತು. ಬೆಲ್ಲ ಎಂದವನನ್ನು ಕೆಲಸದಿಂದ ತೆಗೆದವಳು ಹೇಗೆ ಹೇಳಲಿ?

"ನನಗೆ ನಿದ್ದೆ ಬರುತ್ತಿತ್ತು," ಎಂದೆ.

ನಿರೀಕ್ಷಾ ಬಂದು ಹೊಸ ಪಟ್ಟಿ ಕೊಟ್ಟಳು. ಕತ್ತರಿಸಿಲ್ಲದ ಪೂರ್ತಿ ಪಟ್ಟಿ, ಹೆಸರಿನ ಜೊತೆ ತಾರೀಕೂ ಕಾಣುವಂತೆ. ಅದರ ಮೇಲೆ ಅವಳು ಪೆನ್ನಿನಲ್ಲಿ ದಿನಕ್ಕೆ ಒಂದೇ ಎಂದು ಬರೆದಿದ್ದಳು, ಕನ್ನಡದಲ್ಲಿ, ಅಂಕುಡೊಂಕಾಗಿ.

ಸೋಮವಾರ ಬೆಳಿಗ್ಗೆ ಹೋಟೆಲಿಗೆ ಬಂದವಳೇ ಉಳಿದ ಮಾತ್ರೆಗಳನ್ನೆಲ್ಲ ಒಟ್ಟು ಮಾಡಿ ಔಷಧಿ ಅಂಗಡಿಯವನಿಗೆ ಕೊಟ್ಟು ಬಂದೆ. ಸೀನು ಬಂದವರು ಕಾವಲಿ ಬಿಟ್ಟು ಹಿತ್ತಲಿಗೆ ಹೋಗಿ ಸೀನಿ, ಕೈ ತೊಳೆದು, ಮಾಸ್ಕ್ ಹಾಕಿಕೊಂಡು ಬರಬೇಕು, ದಿನವೂ ಸೀನು ಬಂದರೆ ಡಾಕ್ಟರಮ್ಮನ ಹತ್ತಿರ ಹೋಗಬೇಕು ಎಂದು ಹೇಳಿದೆ. ಮೈಮೇಲೆ ಏನೇ ಎದ್ದರೂ ನನಗೆ ಹೇಳಿ, ಯಾರನ್ನೂ ಕಳಿಸುವುದಿಲ್ಲ ಎಂದೆ. ಯಾರೂ ನಂಬಿದ ಹಾಗೆ ಕಾಣಲಿಲ್ಲ. ನಂಬಿಕೆ ಎನ್ನುವುದು ಹೇಳಿದ ಕೂಡಲೇ ಬರುವ ವಸ್ತುವಲ್ಲ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಊದುಬತ್ತಿ ಹಚ್ಚಿ ಕಷಾಯ ಹಂಚಿದೆ. ತನಿಯಪ್ಪ ಮೇಲಿನ ಕೋಣೆಯಿಂದ ಇಳಿದು ಬಂದು ಬಾಗಿಲ ಬಳಿ ನಿಂತಿದ್ದ. ಸಂಜೆಯ ರೈಲು ಅವನಿಲ್ಲದೆಯೇ ಹೋಗಲಿತ್ತು. ಅವನ ಬಲಗೈಗೆ ಲೋಟ ಕೊಟ್ಟೆ. ಇಪ್ಪತ್ತಾರು ವರ್ಷ ನಾನು ಕೊಟ್ಟದ್ದನ್ನು ಹಾಗೆಯೇ ಗಟಗಟ ಕುಡಿದವನು ಅವತ್ತು ಲೋಟವನ್ನು ಮೂಗಿನ ಹತ್ತಿರ ತಂದು ಮೂಸಿದ. ಅಲುಗಾಡಿಸಿ ತಳ ನೋಡಿದ. ಆಮೇಲೆ ನನ್ನ ಮುಖ ನೋಡಿದ.

"ಇದರಲ್ಲಿ ಏನೇನು ಉಂಟು ಅಕ್ಕ?" ಎಂದ.

"ಶುಂಠಿ, ಕಾಳುಮೆಣಸು, ಕೊತ್ತಂಬರಿ, ಜೀರಿಗೆ, ಬೆಲ್ಲ," ಎಂದೆ. "ಬೇರೆ ಏನೂ ಇಲ್ಲ."

ಅವನು ಲೋಟ ಹಿಡಿದುಕೊಂಡೇ ನಿಂತ. ಹಾಲಿನವನ ಮುಂದೆ ನಾನು ದಿನಾ ಬೆಳಿಗ್ಗೆ ನಿಲ್ಲುವುದು ಹಾಗೆಯೇ. ನಾನು ಅವನ ಕೈಯಿಂದ ಲೋಟ ತೆಗೆದುಕೊಂಡು, ಎಲ್ಲರೂ ನೋಡುತ್ತಿರುವಂತೆ ಅರ್ಧ ಎತ್ತಿ ಕುಡಿದು, ಉಳಿದದ್ದನ್ನು ಅವನಿಗೆ ಕೊಟ್ಟೆ. ಅವನು ಸ್ವಲ್ಪ ಹೊತ್ತು ಬಿಟ್ಟು ಕುಡಿದ.